ಬಾಯಿಪಟ್ಟಿಯಲ್ಲಿ ಇಲ್ಲದ ಹೆಸರು

ಪದಜರಡಿ ಬೆಳಗಿನಿಂದ ಮೂರನೆಯ ಸಲವೂ ಎಮ್ಮೆಯ ಹೆಸರನ್ನೇ ತಂದುಕೊಟ್ಟಿತು.

"ಕೆಂಚಿ," ಎಂದಳು ಶಾವಂತ್ರೆವ್ವ. ಅಂದ ಕೂಡಲೇ ತಪ್ಪಾಯಿತೆಂದು ತಿಳಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಜಿನಾಚೆ ಕೂತಿದ್ದ ನಿರ್ಧಾರಾಧಿಕಾರಿ ನಾಡಿಗೇರರು ಕನ್ನಡಕದ ಮೇಲಿನಿಂದ ನೋಡಿದರು. "ಕೆಂಚಿ ಅಂದ್ರ ಯಾರಮ್ಮಾ? ನಿಮ್ಮನ್ನ ಮನಿಗೆ ಕರಕೊಂಡು ಹೋಗೋರ ಹೆಸರು ಕೇಳೀನಿ ನಾ."

ಗೋಡೆಗೆ ಆನಿಕೊಂಡು ನಿಂತಿದ್ದ ಗಂಡಸು ಒಂದು ಹೆಜ್ಜೆ ಮುಂದೆ ಬಂದ. "ಅದು ನಮ್ಮ ಎಮ್ಮಿರೀ ಸಾಹೇಬ್ರ."

"ನೀವು ಮಾತಾಡೋ ಹಂಗಿಲ್ಲ. ಹಿಂದ ಸರೀರಿ."

ಆತ ಹಿಂದೆ ಸರಿದ. ಶಾವಂತ್ರೆವ್ವ ಆತನನ್ನೇ ನೋಡಿದಳು. ಎಡಗಿವಿಯ ಮೇಲಿನ ನರೆ, ನೂಲಿನ ಬಣ್ಣ ಕೂತು ನೀಲಿಯಾದ ಉಗುರು, ಅಂಗಿಯ ಎರಡನೆಯ ಗುಂಡಿ ತಾನೇ ಹಚ್ಚಿದ್ದು. ಮೂವತ್ತೊಂದು ವರ್ಷ ಒಂದೇ ಮಗ್ಗದ ಮನೆಯಲ್ಲಿ ಬಾಳಿದ ಗಂಡ. ಎಲ್ಲವೂ ಗೊತ್ತು. ಹೆಸರು ಮಾತ್ರ, ಕತ್ತಲ ಕೋಣೆಯಲ್ಲಿ ಇಟ್ಟ ಸಾಮಾನಿನ ಹಾಗೆ, ಇದೆ ಎಂದು ತಿಳಿಯುತ್ತಿತ್ತೇ ಹೊರತು ಕೈಗೆ ಹತ್ತುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಗುಳೇದಗುಡ್ಡದ ಮನೆಯಲ್ಲಿ ರವಿಕೆಯ ಖಣ ನೇಯುತ್ತಿದ್ದಾಗ ಅವಳ ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಬೇಗ ಸರಿಹೋದವು. ತಿಳಿವಳಿಕೆಗೂ ಕುಂದಾಗಲಿಲ್ಲ. ಪದಗಳು ಹೋದವು. ನೀರಿನ ತಂಬಿಗೆ ಕಂಡರೆ ಬಾಯಾರಿಕೆ ಗೊತ್ತಾಗುತ್ತಿತ್ತು, ನೀರು ಎಂಬ ಮಾತು ಬರುತ್ತಿರಲಿಲ್ಲ.

ಇಂಥವರಿಗಾಗಿಯೇ ಆ ಕಾಲದಲ್ಲಿ ಪದಜರಡಿ ಎಂಬ ಯಂತ್ರ ಬಂದಿತ್ತು. ಜೋಳದ ಕಾಳಿನಷ್ಟು ದೊಡ್ಡದು. ಕಿವಿಯ ಹಿಂದೆ ಅಂಟಿಸುತ್ತಿದ್ದರು. ಅದರ ಜೊತೆಗೊಂದು ಮೆತ್ತನೆಯ ಫಲಕವನ್ನು ಅಂಗೈಗೆ ಕಟ್ಟುತ್ತಿದ್ದರು. ಮಾತು ಮರೆತವರಿಗೂ ಕೆಲವೊಮ್ಮೆ ಮಾತಿನ ಆಕಾರ ನೆನಪಿರುತ್ತದೆ. ಮೊದಲು ಇಂಥ ಸದ್ದು, ಕೊನೆಗೆ ಇಂಥದ್ದು, ನಡುವೆ ಏನೋ. ಆ ಆಕಾರವನ್ನು ಗುನುಗಿ, ಬೆರಳಿನಿಂದ ಒತ್ತಿ ತೋರಿಸಿದರೆ, ಅದಕ್ಕೆ ಹೊಂದದ ಪದಗಳನ್ನೆಲ್ಲ ಜರಡಿ ಕೆಳಗೆ ಚೆಲ್ಲಿ, ಹೊಂದುವುದನ್ನು ಕಿವಿಯಲ್ಲಿ ಉಸುರುತ್ತಿತ್ತು.

ಪದಗಳ ಪಟ್ಟಿ ಬರುತ್ತಿದ್ದುದು ಅವರವರ ಮನೆಯ ಗೋಡೆಕಿವಿಯಿಂದ. ಮನೆ ಕಟ್ಟುವಾಗಲೇ ಗೋಡೆಯಲ್ಲಿ ಹೂತಿಡುತ್ತಿದ್ದ ಈ ಕಿವಿ, ಮುಂದೆ ಇಂಥ ಕಾಯಿಲೆ ಬಂದರೆ ಇರಲಿ ಎಂದು, ಮನೆಯವರ ಮಾತನ್ನು ವರ್ಷಾನುಗಟ್ಟಲೆ ಕೂಡಿಡುತ್ತಿತ್ತು. ಅದರಿಂದ ಹೆಕ್ಕಿ ತೆಗೆದ ಪಟ್ಟಿಗೆ ಬಾಯಿಪಟ್ಟಿ ಎಂದು ಹೆಸರು. ಬೇರೆಯವರ ಮಾತು ಯಾರ ಬಾಯಲ್ಲೂ ತುರುಕಬಾರದೆಂದು, ಬಾಯಿಪಟ್ಟಿಗೆ ವೈದ್ಯರು ಒಂದು ಪದವನ್ನೂ ಕೈಯಾರೆ ಸೇರಿಸುವಂತಿರಲಿಲ್ಲ.

ಕಾನೂನು ಇಷ್ಟು ಬಿಗಿಯಾದದ್ದಕ್ಕೆ ಕಾರಣವಿತ್ತು. ಕಾಗದ, ಮುಖ, ಬೆರಳಚ್ಚು, ದನಿ ಎಲ್ಲವನ್ನೂ ನಕಲು ಮಾಡಬಲ್ಲ ಕಾಲ ಅದು. ಮಾತು ಹೋದವರನ್ನು ನೆಂಟರೆಂದು ಹೇಳಿಕೊಂಡು ಯಾರು ಯಾರೋ ಕರೆದೊಯ್ದಿದ್ದರು. ಆದ್ದರಿಂದ, ಯಾರ ಜೊತೆ ಹೋಗುತ್ತೇನೆ ಎಂಬುದನ್ನು ರೋಗಿಯೇ ತನ್ನ ಬಾಯಾರೆ ಹೆಸರಿಟ್ಟು ಹೇಳಬೇಕು. ಮೂರು ಸೋಮವಾರ, ಮೂರು ಅವಕಾಶ. ಹೇಳದಿದ್ದರೆ ಕಾರವಾರದಾಚೆ ಸಮುದ್ರದ ಮೇಲಿನ ತೇಲುಧಾಮಕ್ಕೆ ಕಳಿಸುತ್ತಿದ್ದರು. ಅಲ್ಲಿ ಊಟ ಚೆನ್ನಾಗಿತ್ತಂತೆ. ಅಲ್ಲಿಂದ ತಿರುಗಿ ಬಂದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಇದು ಮೊದಲ ಸೋಮವಾರ. ನಾಡಿಗೇರರು ಅವಳ ಕಡತದಲ್ಲಿ, ಒಂದು ಅವಕಾಶ ಹೋಯಿತೆಂದು, ಗೀಟು ಎಳೆದರು.

* * *

"ಎಮ್ಮಿ ಹೆಸರು ಹೇಳ್ತಾಳ, ನನ್ನ ಹೆಸರು ಹೇಳಂಗಿಲ್ಲ. ಎಂಥಾದ್ರೀ ನಿಮ್ಮ ಮಷೀನು?" ಎಂದು ಗುರುಪಾದಪ್ಪ ಹೊರಗೆ ಬಂದು ಡಾಕ್ಟರನ್ನು ಕೇಳಿದ. ಅದೇ ಅವಳ ಗಂಡನ ಹೆಸರು. ಆದರೆ ಕಾಯಿಲೆಯ ಬಗೆಯೇ ಹಾಗೆ. ಬೇರೆಯವರು ಎದುರಿಗೆ ಹೇಳಿದ ಹೆಸರೂ ಶಾವಂತ್ರೆವ್ವನ ಕಿವಿಯಲ್ಲಿ ಕ್ಷಣ ನಿಂತು, ನೀರಿನಂತೆ ಇಳಿದುಹೋಗುತ್ತಿತ್ತು.

ನುಡಿಚಿಕಿತ್ಸಾ ಕೇಂದ್ರದ ವಿಜ್ಞಾನಿ ಡಾಕ್ಟರ್ ಇಳಾ ಪೂಣಚ್ಚ ಕೊಡಗಿನ ಹೆಣ್ಣುಮಗಳು. ಜರಡಿಯ ಸೂತ್ರಗಳನ್ನು ಬರೆದವಳೇ ಅವಳು. ಸಮಾಧಾನದಿಂದ ಬೆಂಚಿನ ಮೇಲೆ ಕೂತು ಹೇಳಿದಳು. "ಅವರಿಗೆ ಹೆಸರಿನ ಆಕಾರ ಸಿಗ್ತಾ ಇಲ್ಲ. ಅದಕ್ಕೇ ಬರೀ ಚುಕ್ಕಿ ಒತ್ತಿದ್ದಾರೆ. ಚುಕ್ಕಿ ಅಂದರೆ ಯಾವುದಾದರೂ ಸರಿ ಅಂತ. ಯಾವುದಾದರೂ ಸರಿ ಅಂದರೆ ಜರಡಿ ಏನು ಮಾಡುತ್ತೆ? ಅವರು ಅತಿ ಹೆಚ್ಚು ಸಲ ಕೂಗಿದ ಹೆಸರನ್ನು ಕೊಡುತ್ತೆ."

"ಅದು ಕೆಂಚಿನ ಬಿಡ್ರಿ. ದಿನಾ ಹಗ್ಗ ಹರಕೋತೈತಿ."

"ಇನ್ನೊಂದು ಸ್ವಲ್ಪ ಸುಳಿವು ಸಿಕ್ಕರೆ ಸಾಕು. ನೀವು ಖಣ ನೇಯುವವರಲ್ಲವೆ? ಈ ತುದಿಗೆ ಇಂಥ ಅಂಚು, ಆ ತುದಿಗೆ ಇಂಥದ್ದು ಅಂತ ಗೊತ್ತಿದ್ದು, ನಡುವೆ ಏನಿದ್ದರೂ ಸರಿ ಅಂದರೆ..."

"ದಡಿ ಇಲ್ಲಿ, ದಡಿ ಅಲ್ಲಿ, ನಡುವ ಹೂವು ಎಷ್ಟರ ಬರಲಿ. ತಿಳೀತು."

"ಅದನ್ನೇ ನಾವು ಹೊಂದಿಕೆ ಸೂತ್ರ ಅನ್ನೋದು."

"ಇಷ್ಟಕ್ಕ ಇಷ್ಟು ಓದಬೇಕೇನ್ರೀ?" ಎಂದ ಗುರುಪಾದಪ್ಪ.

ಶಾವಂತ್ರೆವ್ವ ನಕ್ಕಳು. ನಗು ಬರುತ್ತಿತ್ತು. ನಗುವಿಗೆ ಪಟ್ಟಿ ಬೇಕಿರಲಿಲ್ಲ.

ಆ ವಾರವಿಡೀ ಅವಳು ಕತ್ತಲ ಕೋಣೆಯಲ್ಲಿ ತಡಕಿದಳು. ಗುರುವಾರ ಸ್ನಾನ ಮಾಡುತ್ತಿದ್ದಾಗ ತುದಿಯೊಂದು ಕೈಗೆ ಹತ್ತಿತು. 'ಗುರು' ಎಂದು ಶುರು. ಭಾನುವಾರ ಇನ್ನೊಂದು ತುದಿಯೂ ಬಂತು, ಒತ್ತಿ ಹೇಳುವ 'ಪ್ಪ'. ಎರಡನೆಯ ಸೋಮವಾರ ಅವಳು ನಾಡಿಗೇರರ ಮುಂದೆ ಧೈರ್ಯವಾಗಿ ಕೂತಳು. ಮೊದಲಿಗೆ ಗುನುಗಿದಳು, ನಡುವೆ ಚುಕ್ಕಿ ಒತ್ತಿದಳು, ಕೊನೆಗೆ ತುಟಿ ಬಿಗಿದಳು. ಕಿವಿಯಲ್ಲಿ ಉಸಿರು ಬಂತು. ಬಂದದ್ದನ್ನು ತಡೆಯುವ ಶಕ್ತಿ ಅವಳ ನಾಲಿಗೆಗೆ ಇರಲಿಲ್ಲ.

"ಗುರುಸಿದ್ದಪ್ಪ!"

ಗೋಡೆಯ ಬಳಿ ನಿಂತಿದ್ದ ಗಂಡನ ಮುಖ ಬಿಳಿಚಿತು.

ನಾಡಿಗೇರರು ನೆಟ್ಟಗೆ ಕೂತರು. "ಗುರುಸಿದ್ದಪ್ಪ ಯಾರು?"

ಶಾವಂತ್ರೆವ್ವ ಎರಡೂ ಕೈಯಿಂದ ಅಲ್ಲ ಅಲ್ಲ ಎಂದು ಗಾಳಿಯನ್ನು ಒರೆಸಿದಳು. ಕಚೇರಿಯವರು ಗುರುಸಿದ್ದಪ್ಪನನ್ನು ಹುಡುಕಿ ಪರದೆಯ ಮೇಲೆ ಕರೆಸಿದರು. ಪಕ್ಕದ ಮನೆಯ ಬಣ್ಣ ಅದ್ದುವವ. ಅವನ ಆಡು ಇವರ ನೂಲು ತಿಂದು ತಿಂದು ಎರಡು ಮನೆಗೂ ಇಪ್ಪತ್ತು ವರ್ಷದಿಂದ ಜಗಳ. ವಿಷಯ ಕೇಳಿ ಅವನು ಪರದೆಯಿಂದಲೇ ಹಿಂದಕ್ಕೆ ಸರಿದ. "ಈಕಿನ್ನ ನಮ್ಮನಿಗಾ? ದಿನಾ ಗ್ವಾಡಿ ಆಚಿಂದ ಬೈಸಿಕೊಂಡಿದ್ದು ಸಾಲದೇನ್ರೀ ಯಪ್ಪಾ, ಒಳಗ ಕುಂಡ್ರಿಸಿ ಬೈಸಿಕೊಳ್ಳಲೇನು?"

ಎರಡನೆಯ ಗೀಟು ಬಿತ್ತು.

* * *

ಮರುದಿನ ಡಾಕ್ಟರ್ ಇಳಾ ಬಾಯಿಪಟ್ಟಿಯನ್ನೇ ತೆರೆದು ನೋಡಿದಳು. ನೋಡಿ, ಗುರುಪಾದಪ್ಪನನ್ನು ಕರೆದು ಕೂರಿಸಿದಳು. ಶಾವಂತ್ರೆವ್ವ ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

"ಗುರುಸಿದ್ದಪ್ಪ ಅನ್ನೋ ಹೆಸರು ನಾಲ್ಕು ಸಾವಿರದ ನೂರಾ ಹನ್ನೆರಡು ಸಲ ಇದೆ. ಕೆಂಚಿ ಅದಕ್ಕಿಂತ ಹೆಚ್ಚು. ಗುರುಪಾದಪ್ಪ ಅನ್ನೋದು ಎಷ್ಟು ಸಲ ಇದೆ ಗೊತ್ತಾ?"

"ಎಷ್ಟೈತ್ರೀ?"

"ಒಂದು ಸಲವೂ ಇಲ್ಲ."

ಆತ ಇದನ್ನು ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ. "ಹೌದಲ್ರೀ ಮತ್ತ. ಗಂಡನ ಹೆಸರು ಹಿಡೀತಾರೇನು?"

"ಅದು ಎಷ್ಟೋ ತಲೆಮಾರಿನ ಹಿಂದಿನ ಮಾತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ? ಸಿಟ್ಟಿನಲ್ಲಿ? ನಿಮ್ಮನ್ನು ಕರೆಯಬೇಕಾದಾಗ?"

"ಯಾಕ ಕರೀತಾಳ್ರೀ? ನಾ ಎದುರಿನ ಮಗ್ಗದಾಗ ಕುಂತಿರ್ತೀನಿ."

"ಸರಿ. ನೀವು ಅವರನ್ನು ಏನಂತ ಕರೀತೀರಿ?"

ಗುರುಪಾದಪ್ಪ ವಿಚಾರ ಮಾಡಿದ. "ಕೆಮ್ಮತೀನಿ," ಎಂದ.

ಇಳಾ ನಗಲಿಲ್ಲ. ಅವಳ ಕಣ್ಣಿನಲ್ಲಿ ಬೇರೆಯೇ ಒಂದು ನೋಟ ಬಂತು. ಶಾವಂತ್ರೆವ್ವ ಅದನ್ನು ಕಂಡಳು, ಅದರ ಅರ್ಥವೂ ಅವಳಿಗೆ ಆಯಿತು. ಈ ಡಾಕ್ಟರು ನನ್ನ ಗಂಡನನ್ನು ಕಳ್ಳನೆಂದು ತಿಳಿದಿದ್ದಾಳೆ.

"ನೋಡಿ," ಎಂದಳು ಇಳಾ, ಈಗ ಗಟ್ಟಿಯಾದ ದನಿಯಲ್ಲಿ. "ಒಬ್ಬ ಹೆಂಗಸಿನ ಜೀವಮಾನದ ಮಾತಿನಲ್ಲಿ ನಿಮ್ಮ ಹೆಸರೇ ಇಲ್ಲ. ಕೇಳಿದಾಗ ಪಕ್ಕದ ಮನೆಯವರ ಹೆಸರು ಹೇಳಿದ್ದಾರೆ. ನಾನು ಅಧಿಕಾರಿಗೆ ವರದಿ ಕೊಡಬೇಕು. ನೀವು ಅವರ ಗಂಡ ಅನ್ನೋದಕ್ಕೆ ನನ್ನ ಹತ್ತಿರ ಏನಿದೆ?"

ಗುರುಪಾದಪ್ಪ ಎದ್ದು ನಿಂತ. ಏನೋ ಹೇಳಲು ಹೋದ. ಆತನ ಪದಗಳೂ ಎಲ್ಲೋ ಹೋದಂತೆ ಕಂಡವು. "ಆಕಿನ್ನ ಕೇಳ್ರಿ," ಎಂದಷ್ಟೇ ಹೇಳಿ ಹೊರಗೆ ನಡೆದ.

ಶಾವಂತ್ರೆವ್ವ ಕೂಗಬೇಕೆಂದುಕೊಂಡಳು. ಗಲಿಬಿಲಿಯಲ್ಲಿ ಬೆರಳು ಫಲಕದ ಮೇಲೆ ಹತ್ತು ಚುಕ್ಕಿ ಒತ್ತಿತು. ಜರಡಿ ಪಟ್ಟಿಯ ಮೇಲುತುದಿಯಿಂದ ಸುರಿಯತೊಡಗಿತು. "ಕೆಂಚಿ, ಲಾಳಿ, ನೂಲು, ಕೆಂಚಿ, ಹಾಳಾಗ್ಲಿ, ಗುರುಸಿದ್ದಪ್ಪ..." ತನ್ನ ಬಾಯಿಂದ ಬರುವುದನ್ನು ಕೇಳುತ್ತ ಅವಳಿಗೆ ಹೆದರಿಕೆಯಾಯಿತು. ಇದು ಯಾರ ಬಾಯಿ? ಗಂಡನೊಡನೆ ಆಡಿದ್ದು ಇಷ್ಟೇನೇ? ಎದುರುಬದುರು ಕೂತು ನೇಯುವಾಗ ಒಂದು ಮಗ್ಗದ ಸದ್ದು ನಿಂತರೆ ಇನ್ನೊಂದು ನಿಲ್ಲುತ್ತಿತ್ತು. ಆತ ತಲೆಯೆತ್ತುವ ಮೊದಲೇ ಇವಳು ಚಹಕ್ಕೆ ಏಳುತ್ತಿದ್ದಳು. ಅದೆಲ್ಲ ಗೋಡೆಕಿವಿಗೆ ಹೇಗೆ ಕೇಳಿಸೀತು?

* * *

ಶನಿವಾರ ಮಧ್ಯಾಹ್ನ ವಾರ್ಡು ಒರೆಸುವ ಫಕೀರವ್ವ ಬಕೆಟ್ಟು ಕೆಳಗಿಟ್ಟು ಡಾಕ್ಟರನ್ನು ತಡೆದಳು. ಅವಳಿಗೆ ಅರವತ್ತು ದಾಟಿತ್ತು. ಯಾರಿಗೂ ಅಂಜುವವಳಲ್ಲ.

"ಡಾಕ್ಟರಮ್ಮ, ಆ ಗಂಡಸ್ಮನಷ್ಯಾ ನಾಲ್ಕು ದಿನದಿಂದ ಗೇಟಿನ ಹತ್ರ ಉಪಾಸ ಕುಂತಾನ. ಏನ್ ಮಾಡ್ಯಾನ ಅವ?"

ಇಳಾ ಹೇಳಿದಳು. ಫಕೀರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು, ಆಮೇಲೆ ನಗತೊಡಗಿದಳು. "ನೆಟ್ಟಗ ಕೇಳಿದ್ರ ಯಾವಾಕಿ ಹೇಳ್ತಾಳ್ರೀ ಗಂಡನ ಹೆಸರು? ಕೇಳೋದಕ್ಕೂ ಒಂದು ರೀತಿ ಐತಿ. ಆಕಿನ್ನ ಬಾಗಿಲ ಹೊರಗ ನಿಂದರಸ್ರಿ."

ಅವರು ಶಾವಂತ್ರೆವ್ವನನ್ನು ವಾರ್ಡಿನ ಹೊರಗೆ ನಿಲ್ಲಿಸಿದರು. ಫಕೀರವ್ವ ಹೊಸ್ತಿಲಿಗೆ ಅಡ್ಡವಾಗಿ ನಿಂತು, ಎರಡೂ ಕೈ ಚೌಕಟ್ಟಿಗೆ ಚಾಚಿ, ಮದುವೆಮನೆಯ ನಾದಿನಿಯ ಹಾಗೆ ಕುತ್ತಿಗೆ ಕೊಂಕಿಸಿದಳು.

"ಒಳಗ ಬಿಡಂಗಿಲ್ಲ. ಹೆಸರಿಟ್ಟು ಒಡಪು ಹೇಳು. ಆಮ್ಯಾಲ ಬಾ."

ಶಾವಂತ್ರೆವ್ವ ನಿಂತಳು. ಮುಂದೆ ಬಾಗಿಲು, ಬಾಗಿಲಿಗೆ ಅಡ್ಡ ಹೆಂಗಸು, ಹೆಂಗಸಿನ ಕಣ್ಣಲ್ಲಿ ಚೇಷ್ಟೆ. ಅವಳ ಕೈ ತಾನಾಗಿ ಸೆರಗನ್ನು ತಲೆಗೆ ಎಳೆಯಿತು. ಎಲ್ಲಿಂದಲೋ ಒಂದು ಲಯ ಎದ್ದಿತು, ಆ ಲಯದ ಮೇಲೆ ಹತ್ತಿ ಪದಗಳು ಬಂದವು. ಜರಡಿ ಉಸುರಲಿಲ್ಲ, ಅವಳು ಬೆರಳು ಒತ್ತಲಿಲ್ಲ.

"ಕರಿ ಸೀರಿಗೆ ಕೆಂಪು ದಡಿ, ಕೈಗೆ ಹಸಿರು ಬಳಿ,
ಗುರುಪಾದಪ್ಪನೋರ ಹೆಸರ ಹೇಳೇನಿ, ಬಾಗಿಲ ಬಿಟ್ಟು ಸರಿ."

ಹೇಳಿ ಮುಗಿಸಿ ಗಾಬರಿಯಿಂದ ಸುತ್ತ ನೋಡಿದಳು, ಬೇರೆ ಯಾರೋ ಹೇಳಿದರೇನೋ ಎಂಬಂತೆ.

"ಇನ್ನೊಮ್ಮೆ," ಎಂದಳು ಇಳಾ. "ಇನ್ನೊಮ್ಮೆ ಬಾಗಿಲು ತಡೀರಿ ಫಕೀರವ್ವ."

ಅಂದೇ ಇಳಾ ಗೋಡೆಕಿವಿಯ ಮೂಲ ದಾಖಲೆಯನ್ನು ಹುಡುಕಿದಳು. ಹೆಸರು ಇತ್ತು. ಮದುವೆಯಾಗಿ ಮನೆ ತುಂಬಿದ ದಿನ, ಬಸುರಿ ನಾದಿನಿಗೆ ಕುಬಸ ಮಾಡಿದ ದಿನ, ನಾಗರಪಂಚಮಿ, ಮಗ್ಗದ ಪೂಜೆ. ಒಟ್ಟು ಹನ್ನೊಂದು ಸಲ, ಹನ್ನೊಂದೂ ಒಡಪಿನಲ್ಲಿ, ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವ ಎರಡು ಸಾಲಿನಲ್ಲಿ. ಆ ಹನ್ನೊಂದನ್ನೂ ಕಸವೆಂದು ಚೆಲ್ಲಿದ್ದು ಅವಳದೇ ಸೂತ್ರ. ಪ್ರಯೋಗದ ದಿನಗಳಲ್ಲಿ ಒಬ್ಬ ರೋಗಿ ನೀರು ಕೇಳಲು ಹೋಗಿ ಸಾಬೂನಿನ ಜಾಹೀರಾತು ಹಾಡಿಬಿಟ್ಟಿದ್ದ. ಅಂದಿನಿಂದ ಇಳಾ ಒಂದು ನಿಯಮ ಸೇರಿಸಿದ್ದಳು: ಲಯಬದ್ಧವಾಗಿದ್ದು ತುದಿಯಲ್ಲಿ ಪ್ರಾಸವಿರುವ ಸಾಲು ಯಾವುದೇ ಇರಲಿ, ಅದು ರೇಡಿಯೋದ್ದು ಅಥವಾ ಭಜನೆಯದ್ದು, ಸ್ವಂತ ಮಾತಲ್ಲ, ತೆಗೆದುಹಾಕು.

ಅವಳು ಗೇಟಿನ ಬಳಿ ಹೋಗಿ ಗುರುಪಾದಪ್ಪನ ಎದುರು ಕೈಮುಗಿದು ನಿಂತಳು. "ತಪ್ಪಾಯಿತು. ನಿಮಗಾದರೂ ಒಡಪಿನ ನೆನಪು ಬರಬಾರದಾಗಿತ್ತೆ?"

"ಅದು ಹೆಂಗಸರ ನಡುವ ನಡಿಯೋದ್ರೀ. ಗಂಡಸರು ಹೊರಗ ಚಪ್ಪಲಿ ಕಾಯತಿರ್ತೀವಿ."

ನಿಯಮವನ್ನು ಪೂರ್ತಿ ಕಿತ್ತುಹಾಕಿದರೆ ಜಾಹೀರಾತುಗಳೂ ಒಳಗೆ ನುಗ್ಗುತ್ತಿದ್ದವು. ಹಾಗಾಗಿ ಇಳಾ, ಹೊರಗಿನ ಒಂದು ಪದವನ್ನೂ ಸೇರಿಸದೆ, ಅದಕ್ಕೊಂದು ಕಿಂಡಿ ಬಿಟ್ಟಳು: ಹಾಡಿನ ಸಾಲುಗಳನ್ನು ಚೆಲ್ಲು, ಆದರೆ ಗುರುಪಾದಪ್ಪ ಎಂಬ ಹೆಸರಿರುವ ಸಾಲುಗಳನ್ನು ಇಟ್ಟುಕೋ, ಅವುಗಳ ಲಯವನ್ನೂ ಇಟ್ಟುಕೋ. ಪದ ಬೇಕೆಂದಾಗ ಆ ಲಯವನ್ನೇ ಮೊದಲು ಕಿವಿಯಲ್ಲಿ ನುಡಿಸು.

* * *

ಮೂರನೆಯ ಸೋಮವಾರ ಶಾವಂತ್ರೆವ್ವ ಒಡಪು ಹೇಳಿದಳು, ಒಂದಕ್ಷರ ತಪ್ಪದೆ. ಗುರುಪಾದಪ್ಪ ಗೋಡೆ ಹಿಡಿದುಕೊಂಡ.

ನಾಡಿಗೇರರು ಲೇಖನಿ ಎತ್ತಲಿಲ್ಲ. "ಡಾಕ್ಟರ್, ಒಡಪು ನಾ ಕೇಳಿಲ್ಲೇನು? ನಮ್ಮ ಅವ್ವ ನಿದ್ದಿಗಣ್ಣಾಗೂ ಹೇಳ್ತಿದ್ಲು. ಬಾಯಿಪಾಠ ಇದು. ಗಿಣಿನೂ ಹೇಳೀತು. ನಾ ಕೇಳಿದ ಪ್ರಶ್ನೆಗೆ ಉತ್ತರ ಬೇಕು."

"ಅವರ ಸ್ವಂತ ಬಾಯಿಂದ ಬಂದ ಹೆಸರು ಅಲ್ವಾ ಸರ್?"

"ಹೆಸರು ಬಂತು. ತಿಳಿದು ಬಂತೋ, ತಾನ ಬಂತೋ? ನಾಳೆ ಯಾರೋ ಬಂದು ಕೇಳಿದ್ರ ನಾ ಏನ್ ಹೇಳ್ಲಿ?" ಅವರ ದನಿಯಲ್ಲಿ ಕಠಿಣತೆ ಇರಲಿಲ್ಲ, ಬೇಸರವಿತ್ತು. ಶಾವಂತ್ರೆವ್ವನ ಕಡೆ ತಿರುಗಿ ನಿಧಾನವಾಗಿ ಕೇಳಿದರು. "ಅಮ್ಮಾ, ಯಾರ ಜೋಡಿ ಹೋಗ್ತೀರಿ?"

ಹೊರಗೆ ತೇಲುಧಾಮದ ಗಾಡಿ ಬಂದು ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಶಾವಂತ್ರೆವ್ವನ ತಲೆಯಲ್ಲಿ ಎಲ್ಲ ಕಲಸಿಹೋಯಿತು. ಹೇಳಿದೆನಲ್ಲ! ಇನ್ನೇನು ಹೇಳಬೇಕು? ಕಿವಿಯಲ್ಲಿ ಲಯ ಬಡಿಯತೊಡಗಿತು, ಮಗ್ಗದ ಹಲಗೆ ಬಡಿದಂತೆ. ಕರಿ ಸೀರೆಯ ಸಾಲು ಮತ್ತೆ ನಾಲಿಗೆಗೆ ಬಂತು. ಅವಳು ಅದನ್ನು ನುಂಗಿದಳು. ಅದು ಬೇಡವಂತೆ. ಬೇರೆ ಬೇಕಂತೆ. ಬರಿದಾದ ಲಯ ಮುಂದೆ ಓಡುತ್ತಿತ್ತು, ಹಾಸು ಹೂಡಿ ಹೊಕ್ಕು ಇಲ್ಲದ ಮಗ್ಗದ ಹಾಗೆ. ಅವಳು ಮೇಜನ್ನು ನೋಡಿದಳು. ಮೇಜಿನ ಮೇಲಿನದನ್ನು ನೋಡಿದಳು. ಬೆರಳು ಒಂದೊಂದಾಗಿ ಫಲಕಕ್ಕೆ ತಾಗಿತು.

"ಸಾಹೇಬರ... ಮೇಜಿನ ಮ್ಯಾಲ..."

ಬೆರಳು ಮತ್ತೆ ಫಲಕ ಒತ್ತಿತು.

"...ಗಾಜಿನ ಲೋಟದಾಗ ನೀರ..."

ನಾಡಿಗೇರರ ಕಣ್ಣು ತಮ್ಮ ಲೋಟಕ್ಕೆ ಹೋಯಿತು. ಶಾವಂತ್ರೆವ್ವ ಗೋಡೆಯ ಕಡೆ ತಿರುಗಿದಳು.

"ಗುರುಪಾದಪ್ಪನೋರ ಬಿಟ್ಟು ನನಗ ಬ್ಯಾರೆ ಯಾರ?"

ನಾಡಿಗೇರರು ಲೋಟ ಎತ್ತಿ ನೀರು ಕುಡಿದರು. ಆಮೇಲೆ ಸಹಿ ಹಾಕಿದರು.

* * *

ಮನೆಗೆ ಬಂದ ಮೇಲೆ ಆದದ್ದನ್ನು ಯಾವ ವಿಜ್ಞಾನಿಯೂ ಎಣಿಸಿರಲಿಲ್ಲ.

ಶಾವಂತ್ರೆವ್ವನಿಗೆ ಪದಗಳು ಸಿಗತೊಡಗಿದವು, ಆದರೆ ಲಯದ ಮೇಲೆ ಹತ್ತಿ ಮಾತ್ರ. ಜರಡಿ ಆ ಲಯ ಕಲಿತದ್ದು ಹನ್ನೊಂದು ಒಡಪುಗಳಿಂದ. ಒಡಪು ಎಂದ ಮೇಲೆ ಅದರಲ್ಲಿ ಗಂಡನ ಹೆಸರು ಬರಲೇಬೇಕು. ಉಪ್ಪು ಬೇಕಾದರೆ ಒಂದು ಒಡಪು. ಕೆಂಚಿ ಹಗ್ಗ ಹರಿದರೆ ಒಂದು ಒಡಪು.

"ಒಲಿಮ್ಯಾಲ ಸಾರು ಕುದ್ದೈತಿ, ಉಪ್ಪಿಲ್ಲದ ಸಪ್ಪ,
ಡಬ್ಬಿ ಇತ್ತ ಸರಸು ಬಾರೋ ಗುರುಪಾದಪ್ಪ."

ಪ್ರಾಸಕ್ಕಾಗಿ ಗೌರವದ 'ನೋರು' ಕೂಡ ಉದುರಿಹೋಗುತ್ತಿತ್ತು. ಓಣಿಯ ಹೆಂಗಸರು ಕಟ್ಟೆಗೆ ಕೂತು ಕೇಳಿ ಕೇಳಿ ನಕ್ಕರು. ಗುರುಸಿದ್ದಪ್ಪನ ಹೆಂಡತಿ ಗೋಡೆಯ ಮೇಲಿಂದ ಇಣುಕಿ, "ಏ ಶಾವಂತ್ರಿ, ಮೂವತ್ತು ವರ್ಷದ್ದು ಒಮ್ಮೆಲೇ ತೀರಿಸಾಕ ಹತ್ತೀಯೇನು?" ಎಂದಳು. ಮೊದಮೊದಲು ಶಾವಂತ್ರೆವ್ವ ನಾಚಿ ಒಳಗೋಡುತ್ತಿದ್ದಳು. ಗುರುಪಾದಪ್ಪ ಲಾಳಿ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ಕೂತುಬಿಡುತ್ತಿದ್ದ. ಕ್ರಮೇಣ ಅವಳಿಗೊಂದು ಸಂಗತಿ ಕಣ್ಣಿಗೆ ಬಿತ್ತು. ಉಪ್ಪಿನ ಡಬ್ಬಿ ಎದುರಿಗೇ ಇದ್ದರೂ, ಅದು ತನಗೆ ಕಾಣುತ್ತಿದ್ದರೂ, ಆತ ಒಡಪು ಮುಗಿಯುವ ತನಕ ಕೈ ಚಾಚುತ್ತಿರಲಿಲ್ಲ.

ಇಳಾ ತಿಂಗಳಿಗೊಮ್ಮೆ ಪರದೆಯ ಮೇಲೆ ಬಂದು ಪರೀಕ್ಷೆ ಮಾಡುತ್ತಿದ್ದಳು. ಲಯದ ಆಸರೆಯಿಲ್ಲದೆ ಒಂದು ಬಿಡಿಪದ ಬಂದರೂ ಸಾಕು, ರೋಗ ಇಳಿಮುಖವಾಯಿತೆಂದು ಅರ್ಥ. ಆಗ ಜರಡಿಯನ್ನು ತೆಗೆದುಬಿಡಬಹುದು.

ಅದು ಏಳನೆಯ ತಿಂಗಳು. ಆ ಬೆಳಿಗ್ಗೆ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಶಾವಂತ್ರೆವ್ವನ ಬಾಯಿಂದ ಒಂದು ಮಾತು ಜಾರಿಬಿದ್ದಿತ್ತು. "ಬೂದಿ." ಅಷ್ಟೇ. ಬರಿಯ ಬೂದಿ. ಹಿಂದೆ ಲಯವಿಲ್ಲ, ಮುಂದೆ ಹೆಸರಿಲ್ಲ. ಅವಳು ಬೆಚ್ಚಿ, ಸುತ್ತ ನೋಡಿ, ಮತ್ತೆ ಮೆಲ್ಲಗೆ ಅಂದಳು. ಬೂದಿ. ತಂಬಿಗೆ. ನೀರು. ಉಪ್ಪು. ಒಂದೊಂದೂ ಕತ್ತಲ ಕೋಣೆಯಿಂದ ತಾನೇ ನಡೆದು ಬಂತು.

"ಶಾವಂತ್ರಮ್ಮ, ಇದನ್ನ ನೋಡಿ," ಎಂದಳು ಇಳಾ ಪರದೆಯಲ್ಲಿ, ಉಪ್ಪಿನ ಬಟ್ಟಲು ಹಿಡಿದು. "ನಿಧಾನವಾಗಿ. ಬರೀ ಒಂದು ಪದ. ಇದೇನು?"

ಪದ ನಾಲಿಗೆಯ ತುದಿಯಲ್ಲೇ ಕೂತಿತ್ತು. ಇಳಾಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ಶಾವಂತ್ರೆವ್ವ ಹೇಳಿಬಿಡಲು ಬಾಯಿ ತೆರೆದಳು. ಬೆನ್ನ ಹಿಂದೆ ಮಗ್ಗದ ಸದ್ದು ನಿಂತಿತ್ತು. ಓರೆಗಣ್ಣಿನಿಂದ ನೋಡಿದರೆ ಗಂಡ ಎಳೆ ಹುಡುಕುವವನಂತೆ ಬಗ್ಗಿದ್ದ, ಆದರೆ ಎಳೆ ಕಡಿದಿರಲಿಲ್ಲ. ಕಡಿದಿದ್ದರೆ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು.

ಅವಳು ಸೆರಗನ್ನು ತಲೆಗೆಳೆದುಕೊಂಡು ಗಂಟಲು ಸರಿಮಾಡಿಕೊಂಡಳು.

"ಬಟ್ಟಲತುಂಬ ಬಿಳಿ ಉಪ್ಪು, ಡಾಕ್ಟರಮ್ಮನ ಕೈಯಾಗ,
ಗುರುಪಾದಪ್ಪನೋರ ನೆನಸೇನಿ ನನ್ನ ಮೈಯಾಗ."

ಇಳಾ ಬಟ್ಟಲು ಕೆಳಗಿಟ್ಟು, ಹಾಳೆಯಲ್ಲಿ 'ಬಿಡಿಪದ' ಎಂಬ ಅಂಕಣದ ಕೆಳಗೆ 'ಇಲ್ಲ' ಎಂದು ಬರೆದಳು. "ನಿಮ್ಮ ತಪ್ಪಲ್ಲ," ಎಂದಳು ಬಳಲಿದ ದನಿಯಲ್ಲಿ. "ನನ್ನ ಸೂತ್ರದಲ್ಲೇ ಏನೋ ದೋಷ ಉಳಿದಿದೆ. ಎಲ್ಲಿ ಅಂತ ಗೊತ್ತಾಗ್ತಾ ಇಲ್ಲ. ಮುಂದಿನ ತಿಂಗಳು ನೋಡೋಣ."

ಶಾವಂತ್ರೆವ್ವ ಪಾಪ ಎನ್ನುವ ಹಾಗೆ ತಲೆಯಾಡಿಸಿದಳು. ಪರದೆ ಆರಿತು. ಹಿಂದೆ ಮಗ್ಗ ಮತ್ತೆ ಶುರುವಾಯಿತು.